ಆಕಾಶಕ್ಕೆ ಹೊರಟ ಕ್ಯಾಮೆರಾ: ಬಲೂನಿನ ಬುಟ್ಟಿಯಿಂದ ಲಗೇಜು ಬೆಲ್ಟಿನವರೆಗೆ

ಕಲಬುರಗಿಯಲ್ಲಿ 2019ರಲ್ಲಿ, ಶಿವಮೊಗ್ಗದಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಹುಬ್ಬಳ್ಳಿ, ಬೆಳಗಾವಿಯವು ಮೊದಲಿನಿಂದಲೂ ಇದ್ದವು. ಹಾಗಾಗಿ ಈಗ ತಾಲೂಕು ಊರುಗಳ ಸ್ಟುಡಿಯೊ ಹುಡುಗರೂ ಮುಂಬೈಯಲ್ಲೊಂದು ಮದುವೆ, ಹೈದರಾಬಾದಿನಲ್ಲೊಂದು ನಿಶ್ಚಿತಾರ್ಥ ಅಂತ ವಿಮಾನ ಹತ್ತುತ್ತಾರೆ. ಕೊಲ್ಲಿ ದೇಶಗಳ ಕನ್ನಡಿಗರ ಕಾರ್ಯಕ್ರಮಕ್ಕೆ ವಿಡಿಯೊ ಮಾಡಲು ಹೋಗುವವರೂ ಇದ್ದಾರೆ. ಹೆಗಲ ಮೇಲಿನ ಬ್ಯಾಗಿನಲ್ಲಿ ಎರಡು ಮೂರು ಲಕ್ಷದ ಸಾಮಾನು. ಅದರಲ್ಲಿ ಅರ್ಧ ಸೊಸೈಟಿ ಸಾಲ, ಇನ್ನರ್ಧ ಅಡವಿಟ್ಟ ಬಂಗಾರ. ಅಂಥವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಕ್ಯಾಮೆರಾ ಕೈಯಲ್ಲಿ ಇಟ್ಟುಕೊಳ್ಳಬೇಕೋ, ಲಗೇಜಿಗೆ ಹಾಕಬೇಕೋ?

ಕೈಯಲ್ಲೇ ಇರಲಿ ಅನ್ನುವುದು ಉತ್ತರ. ಆದರೆ ಯಾಕೆ ಅಂತ ಕೇಳಿದರೆ ಕಥೆ ಬಹಳ ಹಿಂದಕ್ಕೆ ಹೋಗುತ್ತದೆ. ವಿಮಾನ ನಿಲ್ದಾಣದ ಬೋರ್ಡಿನ ಮೇಲೆ ಕಾಣುವ ಒಂದೊಂದು ನಿಯಮದ ಹಿಂದೆಯೂ ಯಾರೋ ಒಬ್ಬರು ಕಳೆದುಕೊಂಡದ್ದು ಏನೋ ಇದೆ. ಆ ಕಥೆಯನ್ನೇ ಇಲ್ಲಿ ಹೇಳುತ್ತೇವೆ.

ಕ್ಯಾಮೆರಾ ಆಕಾಶ ಕಂಡದ್ದು ವಿಮಾನ ಹುಟ್ಟುವುದಕ್ಕಿಂತ 45 ವರ್ಷ ಮೊದಲು. ರೈಟ್ ಸೋದರರು ಹಾರಿದ್ದು 1903ರಲ್ಲಿ. ನಾದಾರ್ ಅನ್ನುವ ಹೆಸರಿನಿಂದ ಪ್ರಸಿದ್ಧರಾದ ಪ್ಯಾರಿಸ್ಸಿನ ಫೋಟೊಗ್ರಾಫರ್ ಬಲೂನಿನಿಂದ ಚಿತ್ರ ತೆಗೆದದ್ದು 1858ರಲ್ಲಿ. ಆಗಿನ ಫೋಟೊ ಅಂದರೆ ಗಾಜಿನ ಹಲಗೆ. ಅದಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಸವರಿ, ಬೆಳ್ಳಿಯ ರಾಸಾಯನಿಕದಲ್ಲಿ ಅದ್ದಿ, ಹಸಿ ಇರುವಾಗಲೇ ಚಿತ್ರ ತೆಗೆದು, ಹಸಿ ಇರುವಾಗಲೇ ತೊಳೆಯಬೇಕು. ಒಣಗಿತೋ, ಕೆಟ್ಟಿತು. ಹೆಚ್ಚೆಂದರೆ ಹತ್ತು ಹದಿನೈದು ನಿಮಿಷದ ಆಟ. ಕೆಳಗಿಳಿದು ಬಂದು ತೊಳೆಯುವಷ್ಟು ಪುರುಸೊತ್ತಿಲ್ಲ. ಅದಕ್ಕೇ ನಾದಾರ್ ಕತ್ತಲೆ ಕೋಣೆಯನ್ನೇ ಪುಟ್ಟ ಡೇರೆಯ ರೂಪದಲ್ಲಿ ಬಲೂನಿನ ಬುಟ್ಟಿಗೆ ಏರಿಸಿದರು.

ಏರಿದರೂ ಚಿತ್ರ ಬರಲಿಲ್ಲ. ಮತ್ತೆ ಮತ್ತೆ ಹೋದರು, ಪ್ರತಿ ಸಲವೂ ಹಲಗೆ ಕಪ್ಪಗೆ, ಮಬ್ಬಾಗಿ ಬಂತು. ಪಾತ್ರೆ ತೊಳೆದರು, ರಾಸಾಯನಿಕ ಬದಲಿಸಿದರು, ಏನೂ ಆಗಲಿಲ್ಲ. ನೆಲದ ಮೇಲೆ ಚೆನ್ನಾಗಿ ಕೆಲಸ ಮಾಡುವ ಸಾಮಾನು ಮೇಲೆ ಹೋದ ಕೂಡಲೇ ಕೈಕೊಡುತ್ತಿತ್ತು. ಕಾರಣ ಅವರ ತಲೆಯ ಮೇಲೆಯೇ ಇತ್ತು. ಆ ಬಲೂನಿಗೆ ತುಂಬಿದ್ದು ಬೀದಿದೀಪಕ್ಕೆ ಬಳಸುತ್ತಿದ್ದ ಗ್ಯಾಸ್. ಮೇಲೇರಿದಂತೆ ಗ್ಯಾಸ್ ಹಿಗ್ಗುತ್ತದೆ, ಬಲೂನು ಒಡೆಯಬಾರದು ಅಂತ ಅದರ ಬಾಯಿಯನ್ನು ಕೆಳಗೆ ತೆರೆದೇ ಬಿಡುತ್ತಿದ್ದರು. ಅಲ್ಲಿಂದ ಸೋರಿದ ಗ್ಯಾಸು ನೇರ ಬುಟ್ಟಿಗೆ ಇಳಿಯುತ್ತಿತ್ತು. ಅದರಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇತ್ತು. ಗಂಧಕಕ್ಕೂ ಬೆಳ್ಳಿಗೂ ಆಗಿಬರುವುದಿಲ್ಲ. ಮನೆಯ ಬೆಳ್ಳಿ ಕಾಲ್ಗೆಜ್ಜೆ ಬರಬರುತ್ತ ಕಪ್ಪಾಗುವುದನ್ನು ನೋಡಿದ್ದೀರಲ್ಲ, ಅದೇ ಸಂಗತಿ ನಾದಾರ್ ಅವರ ಹಲಗೆಯ ಮೇಲೆ ಕ್ಷಣಾರ್ಧದಲ್ಲಿ ಆಗುತ್ತಿತ್ತು.

ಕೊನೆಗೆ ಬಲೂನಿನ ಬಾಯಿ ಮುಚ್ಚಿಯೇ ಏರಿದರು. ಒಡೆಯುವ ಅಪಾಯ ಇದ್ದೇ ಇತ್ತು. ಗ್ಯಾಸ್ ಕಡಿಮೆಯಿತ್ತು ಅಂತ ಮೈಮೇಲಿನ ಭಾರವನ್ನೂ ಇಳಿಸಿದರಂತೆ. ಸುಮಾರು 80 ಮೀಟರ್ ಎತ್ತರದಿಂದ ಪ್ಯಾರಿಸ್ಸಿನ ಹೊರಗಿನ ಪೆತಿ-ಬಿಸೆತ್ರ್ ಎಂಬ ಪುಟ್ಟ ಊರು ಹಲಗೆಯ ಮೇಲೆ ಮೂಡಿತು: ಒಂದು ತೋಟದ ಮನೆ, ಒಂದು ಹೋಟೆಲು, ಪೊಲೀಸರ ವಸತಿ. ಮಸುಕೋ ಮಸುಕು, ಆದರೂ ಆಕಾಶದಿಂದ ತೆಗೆದ ಮೊದಲ ಫೋಟೊ ಅದು. ಆ ಹಲಗೆ ಈಗ ಉಳಿದಿಲ್ಲ. ಈಗ ನೋಡಲು ಸಿಗುವ ಅತ್ಯಂತ ಹಳೆಯ ಬಲೂನು ಚಿತ್ರ ಅಮೆರಿಕದ ಬಾಸ್ಟನ್ ನಗರದ್ದು, ಜೇಮ್ಸ್ ವಾಲೇಸ್ ಬ್ಲ್ಯಾಕ್ 1860ರ ಅಕ್ಟೋಬರ್‌ನಲ್ಲಿ ತೆಗೆದದ್ದು.

ಇದಾಗಿ 12 ವರ್ಷಕ್ಕೆ ಅದೇ ಪ್ಯಾರಿಸ್ಸಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಬೆಲೆಬಾಳುವ ಫೋಟೊ ಸಾಮಾನನ್ನು ಊರಿಂದ ಊರಿಗೆ ಗಾಳಿಯಲ್ಲಿ ಸಾಗಿಸಲು ಹೊರಟ ಪ್ರಸಂಗ ಇದು. 1870ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ಸನ್ನು ಸುತ್ತುಗಟ್ಟಿತು. ಒಳಗಿನ ಪತ್ರಗಳು ಬಲೂನಿನಲ್ಲಿ ಹೊರಗೆ ಹೋಗುತ್ತಿದ್ದವು, ಆದರೆ ಬಲೂನನ್ನು ಬೇಕಾದ ಕಡೆ ತಿರುಗಿಸಲು ಆಗದ್ದರಿಂದ ಹೊರಗಿನ ಪತ್ರ ಒಳಗೆ ಬರುವ ದಾರಿ ಇರಲಿಲ್ಲ. ಉಳಿದದ್ದು ಪಾರಿವಾಳ. ಪಾರಿವಾಳ ಎಷ್ಟು ಹೊತ್ತೀತು? ಆಗ ಮುಂದೆ ಬಂದವರು ರೆನೆ ದಾಗ್ರೋನ್. ಪುಟಗಟ್ಟಲೆ ಬರಹವನ್ನು ಉಗುರಿನಷ್ಟು ಫಿಲ್ಮಿಗೆ ಇಳಿಸುವ ವಿದ್ಯೆ ಅವರದು.

ಆ ಕೆಲಸ ಮಾಡಲು ಅವರು ಪ್ಯಾರಿಸ್ಸಿನಿಂದ ಹೊರಗೆ, ತೂರ್ ಎಂಬ ಊರಿಗೆ ಹೋಗಬೇಕಿತ್ತು. 1870ರ ನವೆಂಬರ್ 12ರಂದು ಎರಡು ಬಲೂನು ಹೊರಟವು. ಒಂದರ ಹೆಸರು ನಿಯೆಪ್ಸ್, ಇನ್ನೊಂದರದು ದಾಗೇರ್. ಎರಡೂ ಫೋಟೊಗ್ರಫಿಯನ್ನು ಕಂಡುಹಿಡಿದವರ ಹೆಸರುಗಳೇ. ಜನ ಒಂದರಲ್ಲಿ, ಸಾಮಾನು ಇನ್ನೊಂದರಲ್ಲಿ. ಸಾಮಾನಿದ್ದ ದಾಗೇರನ್ನು ಪ್ರಷ್ಯದ ಸೈನಿಕರು ಗುಂಡು ಹೊಡೆದು ಕೆಡವಿದರು, ಸಾಮಾನೆಲ್ಲ ಶತ್ರುವಿನ ಪಾಲಾಯಿತು. ದಾಗ್ರೋನ್ ಇದ್ದ ಬಲೂನೂ ಶತ್ರು ಹಿಡಿತದ ನೆಲದಲ್ಲೇ ಇಳಿಯಿತು, ಅವರು ಹೇಗೋ ಜೀವ ಉಳಿಸಿಕೊಂಡು ನವೆಂಬರ್ 21ಕ್ಕೆ ತೂರ್ ತಲುಪಿದರು. ಚೆಕ್-ಇನ್ ಲಗೇಜಿನ ಮೊದಲ ದೊಡ್ಡ ನಷ್ಟ ಅಂತ ನಾವು ಇದನ್ನು ತಮಾಷೆಗೆ ಕರೆಯುತ್ತೇವೆ.

ಅಲ್ಲಿಂದ ಮುಂದೆ ದಾಗ್ರೋನ್ ತಂಡ ನಡೆದುಕೊಂಡ ರೀತಿ ನೋಡಿ. ಸಂದೇಶದ ಫಿಲ್ಮನ್ನು ಸುರುಳಿ ಸುತ್ತಿ ಹಕ್ಕಿಗರಿಯ ಟೊಳ್ಳು ದಂಟಿನೊಳಗೆ ತೂರಿಸಿ ಪಾರಿವಾಳದ ಬಾಲಕ್ಕೆ ಕಟ್ಟುತ್ತಿದ್ದರು. ಒಂದೇ ಸಂದೇಶವನ್ನು ಒಂದೇ ಹಕ್ಕಿಗೆ ನಂಬಿ ಕಳಿಸುತ್ತಿರಲಿಲ್ಲ. ಅದರ ನಕಲುಗಳನ್ನು ಬೇರೆ ಬೇರೆ ಹಕ್ಕಿಗಳಿಗೆ ಕಟ್ಟಿ ಮತ್ತೆ ಮತ್ತೆ ಬಿಡುತ್ತಿದ್ದರು. ಗಿಡುಗ, ಚಳಿ, ಗುಂಡು ಎಲ್ಲ ದಾಟಿ ಯಾವುದಾದರೂ ಒಂದು ಮುಟ್ಟಿದರೆ ಸಾಕು. ಪ್ಯಾರಿಸ್ಸಿನಲ್ಲಿ ಅದನ್ನು ದೀಪದ ಮುಂದಿಟ್ಟು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿ ಗುಮಾಸ್ತರು ಬರೆದುಕೊಳ್ಳುತ್ತಿದ್ದರು. ಇವತ್ತು ಮದುವೆ ಫೋಟೊಗಳನ್ನು ಎರಡು ಕಾರ್ಡಿಗೆ ನಕಲು ಮಾಡಿ, ಒಂದನ್ನು ಜೇಬಿನಲ್ಲಿ, ಇನ್ನೊಂದನ್ನು ಜೊತೆಗಾರನ ಬ್ಯಾಗಿನಲ್ಲಿ ಇಡುವ ಹುಡುಗ ಮಾಡುವುದೂ ಇದನ್ನೇ.

ಕ್ಯಾಮೆರಾ ದೊಡ್ಡದೋ, ಅದರೊಳಗಿನ ಚಿತ್ರ ದೊಡ್ಡದೋ? ಈ ಪ್ರಶ್ನೆಗೆ ಉತ್ತರವೆಂಬಂತೆ ಉತ್ತರ ಧ್ರುವದ ಕಡೆಯ ಒಂದು ದುರಂತ ಕಥೆಯಿದೆ. 1897ರ ಜುಲೈ 11ರಂದು ಸ್ವೀಡನ್ನಿನ ಆಂದ್ರೆ, ಸ್ಟ್ರಿಂಡ್‌ಬರ್ಗ್, ಫ್ರೆಂಕೆಲ್ ಎಂಬ ಮೂವರು ಬಲೂನಿನಲ್ಲಿ ಧ್ರುವ ಮುಟ್ಟುವುದಾಗಿ ಹೊರಟರು. ಮೂರನೇ ದಿನಕ್ಕೆ ಬಲೂನು ಹಿಮದ ಮೇಲೆ ಕೂತುಬಿಟ್ಟಿತು. ತಿಂಗಳುಗಟ್ಟಲೆ ಹಿಮದಲ್ಲಿ ನಡೆದು, ಕೊನೆಗೆ ಒಂದು ನಿರ್ಜನ ದ್ವೀಪದಲ್ಲಿ ಮೂವರೂ ಸತ್ತರು. ಸ್ಟ್ರಿಂಡ್‌ಬರ್ಗ್ ದಾರಿಯುದ್ದಕ್ಕೂ ಚಿತ್ರ ತೆಗೆಯುತ್ತಲೇ ಇದ್ದರು. ಅವರ ಶಿಬಿರ ಸಿಕ್ಕಿದ್ದು 33 ವರ್ಷದ ಮೇಲೆ, 1930ರಲ್ಲಿ. ಹಿಮದಡಿ ಸಿಕ್ಕ ಫಿಲ್ಮುಗಳನ್ನು ಸ್ಟಾಕ್‌ಹೋಮಿನ ಯೋನ್ ಹರ್ಟ್ಸ್‌ಬರ್ಗ್ ಬಹಳ ಜೋಪಾನವಾಗಿ ತೊಳೆದಾಗ 93 ಚಿತ್ರಗಳು ಉಳಿದು ಬಂದವು. ಬಿದ್ದ ಬಲೂನಿನ ಪಕ್ಕ ನಿಂತ ಇಬ್ಬರ ಚಿತ್ರ ಈಗಲೂ ನೋಡಿದರೆ ಎದೆ ಝಲ್ಲೆನ್ನುತ್ತದೆ. ಬಲೂನೂ ಉಳಿಯಲಿಲ್ಲ, ಮನುಷ್ಯರೂ ಉಳಿಯಲಿಲ್ಲ, ಫಿಲ್ಮು ಉಳಿಯಿತು.

1969ರಲ್ಲಿ ಚಂದ್ರನ ಮೇಲೆ ಇಳಿದ ಅಪೊಲೊ 11ರ ಯಾತ್ರಿಗಳೂ ವಾಪಸಾಗುವಾಗ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾವನ್ನು ಭಾರ ಇಳಿಸಲು ಅಲ್ಲೇ ಬಿಟ್ಟು, ಫಿಲ್ಮಿನ ಮ್ಯಾಗಜೀನು ಮಾತ್ರ ತಂದರು. ಕ್ಯಾಮೆರಾ ಇನ್ನೊಂದು ಕೊಳ್ಳಬಹುದು. ತಾಳಿ ಕಟ್ಟಿದ ಮುಹೂರ್ತ ಇನ್ನೊಮ್ಮೆ ಬರುವುದಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಎವರೆಸ್ಟ್ ಶಿಖರದ ಮೇಲೆ ಮೊದಲ ಬಾರಿ ವಿಮಾನ ಹಾರಿದ್ದು ಬಿಹಾರದ ಪೂರ್ಣಿಯಾ ಕಡೆಯಿಂದ. 1933ರ ಏಪ್ರಿಲ್ 3ರಂದು. ಹಣ ಕೊಟ್ಟವರು ಇಂಗ್ಲೆಂಡಿನ ಲೇಡಿ ಹೂಸ್ಟನ್. ಎರಡು ವಿಮಾನ, ಎರಡಕ್ಕೂ ಮುಚ್ಚಿದ ಕ್ಯಾಬಿನ್ನಿನಲ್ಲಿ ಈಗಿನಂತೆ ಗಾಳಿ ಒತ್ತಡ ಕಾಯುವ ವ್ಯವಸ್ಥೆ ಇಲ್ಲ. ಮೇಲೆ ಹೋದರೆ ಉಸಿರಿಗೆ ಆಕ್ಸಿಜನ್ ಪೈಪು, ಮೈಗೆ ಕರೆಂಟಿನಿಂದ ಬಿಸಿಯಾಗುವ ಉಡುಪು. ಆ ಉಡುಪು ಮನುಷ್ಯರಿಗೆ ಮಾತ್ರವಲ್ಲ, ಕ್ಯಾಮೆರಾಗಳಿಗೂ ಇತ್ತು. ಯಾಕೆಂದರೆ ಆ ಚಳಿಯಲ್ಲಿ ಫಿಲ್ಮು ಹಪ್ಪಳದ ಹಾಗೆ ಮುರಿಯುತ್ತದೆ, ಶಟರಿನ ಎಣ್ಣೆ ಗಟ್ಟಿಯಾಗಿ ಯಂತ್ರ ಹಿಡಿದುಕೊಳ್ಳುತ್ತದೆ.

ಎರಡನೇ ವಿಮಾನದಲ್ಲಿದ್ದ ಸಿನಿಮಾ ಕ್ಯಾಮೆರಾಮನ್ ಸಿಡ್ನಿ ಬಾನೆಟ್. ಶಿಖರದ ಹತ್ತಿರ ಅವರ ಆಕ್ಸಿಜನ್ ಪೈಪು ಒಡೆಯಿತು. ಕರ್ಚೀಫು ತೆಗೆದು ಒಡೆದ ಜಾಗಕ್ಕೆ ಸುತ್ತಿದರು, ಅಷ್ಟರಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ವಿಮಾನ ಕೆಳಗಿಳಿದಂತೆ ಎಚ್ಚರವಾಯಿತು. ಪುಣ್ಯಕ್ಕೆ ಜೀವ ಉಳಿಯಿತು. ಎಲ್ಲ ಸಿದ್ಧತೆಯ ನಂತರವೂ ನಕ್ಷೆಗಾಗಿ ತೆಗೆದ ಚಿತ್ರಗಳು ಆ ದಿನ ಸರಿಯಾಗಿ ಬರಲಿಲ್ಲ. ಕಾರಣ ಚಳಿಯಲ್ಲ, ಬಯಲುಸೀಮೆಯ ಬೇಸಿಗೆಯ ಧೂಳು ಮೋಡದಂತೆ ಮೇಲಕ್ಕೆ ಎದ್ದು ನಿಂತಿತ್ತು. ಏಪ್ರಿಲ್ 19ರಂದು ಮತ್ತೆ ಹಾರಬೇಕಾಯಿತು. ಆ ಸಾಹಸದ ಕುರಿತ ‘ವಿಂಗ್ಸ್ ಓವರ್ ಎವರೆಸ್ಟ್’ ಚಿತ್ರಕ್ಕೆ ಮುಂದೆ ಆಸ್ಕರ್ ಬಂತು. ಪೂರ್ಣಿಯಾದ ಧೂಳಿಗೆ ಯಾರೂ ಪ್ರಶಸ್ತಿ ಕೊಡಲಿಲ್ಲ ಬಿಡಿ.

ಧೂಳಿನ ಮಾತು ಬಂತಲ್ಲ, ಪೆಟ್ಟಿಗೆಯ ಮಾತೂ ಹೇಳಿಬಿಡುತ್ತೇವೆ. ಸಿನಿಮಾಗಳಲ್ಲಿ ಕಳ್ಳಸಾಗಣೆದಾರರು ನೋಟು ತುಂಬಿ ಒಯ್ಯುವ ಬೆಳ್ಳಿಬಣ್ಣದ ಅಲ್ಯುಮಿನಿಯಂ ಪೆಟ್ಟಿಗೆ ನೋಡಿರುತ್ತೀರಿ. ಅದರ ಮೂಲಪುರುಷ ಅರ್ಲ್ ಹ್ಯಾಲಿಬರ್ಟನ್ ಎಂಬ ಅಮೆರಿಕದ ಎಣ್ಣೆಬಾವಿ ಉದ್ಯಮಿ. ಎಣ್ಣೆಬಾವಿಗಳ ದಾರಿಯ ಧೂಳಿಗೆ ಚರ್ಮದ ಸೂಟ್‌ಕೇಸು ತಾಳುತ್ತಿಲ್ಲ ಅಂತ 1938ರಲ್ಲಿ ಲೋಹದ ಪೆಟ್ಟಿಗೆ ಮಾಡಿಸಿದರು, ಮುಂದೆ ಫೋಟೊಗ್ರಾಫರುಗಳು ಅದನ್ನು ತಮ್ಮದಾಗಿಸಿಕೊಂಡರು. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಪೆಲಿಕನ್ ಕಂಪನಿಯ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಆಮೇಲಿನದು. ಅದರ ಮೈಯಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ, ಬಹಳ ಜನ ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಆರೆಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಗಾಳಿಯಾಡದ ಪೆಟ್ಟಿಗೆಯಿಂದ ಮೇಲೆ ಗಾಳಿ ಹೊರಗೆ ಸೋರಿ, ಕೆಳಗಿಳಿದಾಗ ಒಳಗೆ ಕಡಿಮೆ ಉಳಿದರೆ ಮುಚ್ಚಳ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆ ತಿರುಪು ಗಾಳಿ ಸಮ ಮಾಡುವ ಬಾಯಿ.

ಲಗೇಜು ಇಡುವ ಜಾಗದಲ್ಲಿ ಗಾಳಿಯೇ ಇರುವುದಿಲ್ಲ, ಲೆನ್ಸು ಸಿಡಿಯುತ್ತದೆ ಅಂತ ಹೆದರಿಸುವವರಿದ್ದಾರೆ. ಅದು ನಿಜವಲ್ಲ. ಪ್ರಯಾಣಿಕರ ಜೆಟ್ ವಿಮಾನಗಳಲ್ಲಿ ಕೆಳಗಿನ ಲಗೇಜು ಜಾಗಕ್ಕೂ ಮೇಲಿನಷ್ಟೇ ಒತ್ತಡ ಇರುತ್ತದೆ. ಅಲ್ಲಿ ಲೆನ್ಸಿಗೆ ವೈರಿ ಎಂದರೆ ಎಸೆತ ಮತ್ತು ಮೇಲೆ ಹೇರಿದ ಭಾರ. ಇನ್ನೊಂದು ವೈರಿ ಇಳಿದ ಮೇಲೆ ಕಾದಿರುತ್ತದೆ. ತಣ್ಣಗಿನ ವಿಮಾನದಿಂದ ಮಂಗಳೂರಿನ ಸೆಖೆಗೆ ಬಂದು ಕೂಡಲೇ ಬ್ಯಾಗು ತೆರೆದರೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯಂತೆ ಗಾಜಿನ ಮೇಲೆಲ್ಲ ನೀರಹನಿ. ಆ ತೇವವೇ ಮುಂದೆ ಫಂಗಸ್ ಆಗುತ್ತದೆ. ಅರ್ಧ ಮುಕ್ಕಾಲು ಗಂಟೆ ಬ್ಯಾಗಿನ ಜಿಪ್ಪು ತೆಗೆಯದೆ ಇದ್ದರೆ ಇದಾಗುವುದಿಲ್ಲ.

1970ರ ಹೊತ್ತಿಗೆ ಫಿಲ್ಮಿಗೆ ಹೊಸ ವೈರಿ ಬಂತು. ವಿಮಾನ ಅಪಹರಣಗಳು ಹೆಚ್ಚಾಗಿ, 1973ರ ಜನವರಿಯಿಂದ ಅಮೆರಿಕದಲ್ಲಿ ಪ್ರತಿ ಪ್ರಯಾಣಿಕನನ್ನೂ ಕೈಚೀಲವನ್ನೂ ತಪಾಸಣೆ ಮಾಡಲೇಬೇಕು ಅಂತಾಯಿತು. ಎಕ್ಸ್-ರೇ ಯಂತ್ರಗಳು ನಿಲ್ದಾಣಕ್ಕೆ ಬಂದವು. ನಮ್ಮಲ್ಲಿ ನಾಗರಿಕ ವಿಮಾನಯಾನ ಭದ್ರತೆಯ ಬ್ಯೂರೊ ಹುಟ್ಟಿದ್ದು 1978ರಲ್ಲಿ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನವನ್ನು ಚೆಕ್-ಇನ್ ಲಗೇಜಿನಲ್ಲಿಟ್ಟ ಬಾಂಬು ಸ್ಫೋಟಿಸಿ 329 ಜನ ಸತ್ತರು. ಅದಾದ ಮೇಲೆ, 1987ರಲ್ಲಿ, ಬ್ಯೂರೊ ಸ್ವತಂತ್ರ ಇಲಾಖೆಯಾಯಿತು. ಇಷ್ಟು ಜೀವ ಹೋದ ಮೇಲೆ ತಪಾಸಣೆ ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ತೊಳೆಯದ ಫಿಲ್ಮಿನ ಮೇಲೆ ಎಕ್ಸ್-ರೇ ಬಿದ್ದರೆ ಮಬ್ಬು ಕವಿಯುತ್ತದೆ. ಒಂದು ಸಲಕ್ಕೆ ಕಾಣದಿದ್ದರೂ ಸಲದ ಮೇಲೆ ಸಲ ಸೇರುತ್ತ ಹೋಗುತ್ತದೆ. ಕಡಿಮೆ ಬೆಳಕಿಗೆ ಅಂತ ಮಾಡಿದ ಚುರುಕು ಫಿಲ್ಮಿಗಂತೂ ಹೆಚ್ಚು ಪೆಟ್ಟು.

ಕನ್ನಡದಲ್ಲಿ ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಸಿನಿಮಾ ಅಂತ ಹೆಸರಾದದ್ದು 1978ರ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’. ಹೊರದೇಶದಲ್ಲಿ ಚಿತ್ರೀಕರಿಸಿ ನೆಗೆಟಿವ್ ತೊಳೆಯಲು ತಾಯ್ನಾಡಿಗೇ ತರುವ ತಂಡದ ಪಾಡು ಊಹಿಸಿ. ಹೀರೊ, ಹೀರೊಯಿನ್, ಹಾಡು, ಫೈಟು, ಲಕ್ಷಾಂತರ ರೂಪಾಯಿ, ಎಲ್ಲವೂ ಆ ಡಬ್ಬಿಯೊಳಗೆ. ಡಬ್ಬಿಯ ಮುಚ್ಚಳ ತೆಗೆದು ತೋರಿಸಿ ಅಂದರೆ ಬೆಳಕು ಬಿದ್ದು ಹೋಯಿತು, ಯಂತ್ರದಲ್ಲಿ ಹಾಕಿ ಅಂದರೆ ಕಿರಣ ಬಿದ್ದು ಹೋಯಿತು. ಸೀಸದ ಪದರ ಇರುವ ಚೀಲಗಳು ಮಾರುಕಟ್ಟೆಗೆ ಬಂದದ್ದು ಇದಕ್ಕಾಗಿಯೇ. ಆದರೆ ಪರದೆಯ ಮೇಲೆ ಆ ಚೀಲ ಕಪ್ಪು ಗುಡ್ಡೆಯಂತೆ ಕಾಣುವುದರಿಂದ ತಪಾಸಣೆಯವರಿಗೆ ಅನುಮಾನ ಇನ್ನೂ ಹೆಚ್ಚುತ್ತಿತ್ತು. ಅನುಭವಿಗಳು ಫಿಲ್ಮು ರೋಲುಗಳನ್ನು ಪಾರದರ್ಶಕ ಕವರಿನಲ್ಲಿಟ್ಟು, ಕೈಯಿಂದ ನೋಡಿ ಸ್ವಾಮಿ ಅಂತ ವಿನಂತಿಸುವ ದಾರಿ ಹಿಡಿದರು. 1990ರ ದಶಕದಲ್ಲಿ ಚೆಕ್-ಇನ್ ಲಗೇಜಿಗೆ ಬಂದ ಸಿ.ಟಿ. ಮಾದರಿಯ ಯಂತ್ರಗಳು ಇನ್ನೂ ಪ್ರಬಲ. ಫಿಲ್ಮನ್ನು ಲಗೇಜಿಗೆ ಹಾಕಲೇಬೇಡಿ ಎಂಬ ಮಾತು ಗಟ್ಟಿಯಾದದ್ದು ಆಗ. ಡಿಜಿಟಲ್ ಕಾರ್ಡಿಗೆ ಈ ಎಕ್ಸ್-ರೇ ಏನೂ ಮಾಡುವುದಿಲ್ಲ, ಆ ಚಿಂತೆ ಬಿಡಿ. ಹಳೇ ಫಿಲ್ಮು ಕ್ಯಾಮೆರಾದ ಹುಚ್ಚು ಮತ್ತೆ ಹಿಡಿದವರು ಮಾತ್ರ ನೆನಪಿಡಬೇಕು.

ಡಿಜಿಟಲ್ ಬಂದು ಎಕ್ಸ್-ರೇ ಭಯ ಹೋಯಿತು ಅನ್ನುವಷ್ಟರಲ್ಲಿ ಬ್ಯಾಟರಿ ಭಯ ಬಂತು. ಈ ಸಲ ಕಥೆ ತಿರುವುಮುರುವು: ಇಷ್ಟು ದಿನ ವಿಮಾನದಿಂದ ಕ್ಯಾಮೆರಾ ಕಾಯಬೇಕಿತ್ತು, ಈಗ ಕ್ಯಾಮೆರಾದಿಂದ ವಿಮಾನ ಕಾಯಬೇಕು. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ ಬೆಂಕಿ ಹೊತ್ತಿ, ಹೊಗೆಯಲ್ಲಿ ಏನೂ ಕಾಣದೆ ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು. ಸರಕಿನಲ್ಲಿ ಸಾವಿರಾರು ಲಿಥಿಯಂ ಬ್ಯಾಟರಿಗಳಿದ್ದವು. ಲಿಥಿಯಂ ಬ್ಯಾಟರಿ ಒಂದು ಹೊತ್ತಿಕೊಂಡರೆ ಪಕ್ಕದ್ದನ್ನೂ ಹೊತ್ತಿಸುತ್ತದೆ. ಕೆಳಗಿನ ಲಗೇಜಿನಲ್ಲಿ ಹೊತ್ತಿದರೆ ಯಾರಿಗೂ ಕಾಣುವುದಿಲ್ಲ, ಮೇಲೆ ಕ್ಯಾಬಿನ್ನಿನಲ್ಲಾದರೆ ಸಿಬ್ಬಂದಿ ನೀರು ಸುರಿದಾದರೂ ಆರಿಸಬಹುದು. ಬಿಡಿ ಬ್ಯಾಟರಿ, ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು ಎಂಬ ನಿಯಮದ ತರ್ಕ ಇಷ್ಟೇ.

ಮಿತಿ 100 ವಾಟ್-ಅವರ್. ಮಾಮೂಲಿ ಕ್ಯಾಮೆರಾ ಬ್ಯಾಟರಿ ಇದರ ಹತ್ತಿರವೂ ಬರುವುದಿಲ್ಲ. ವೋಲ್ಟನ್ನು ಎಂ.ಎ.ಎಚ್.ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. ಸಿನಿಮಾ ಕ್ಯಾಮೆರಾಗಳ ದೊಡ್ಡ ಬ್ಯಾಟರಿಗಳ ಮೇಲೆ 95, 98, 99 ಅಂತ ಅಚ್ಚಾಗಿರುವುದು ಈ ಮಿತಿಯೊಳಗೆ ನುಸುಳಲು. 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಅನುಮತಿ ಬೇಕು, ಬಿಡಿಯಾಗಿ ಎರಡಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಬಿಡಿ ಬ್ಯಾಟರಿಯ ಲೋಹದ ತುದಿಗೆ ಟೇಪು ಹಚ್ಚಿ, ಅಥವಾ ಒಂದೊಂದನ್ನು ಬೇರೆ ಬೇರೆ ಕವರಿನಲ್ಲಿಡಿ.

ಒಮ್ಮೆ ಎರಡು ಭಯಗಳು ಮುಖಾಮುಖಿಯಾದದ್ದೂ ಉಂಟು. 2017ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ದುಬೈ, ದೋಹಾ, ಅಬುಧಾಬಿ ಸೇರಿ ಹತ್ತು ನಿಲ್ದಾಣಗಳಿಂದ ತನ್ನಲ್ಲಿಗೆ ಬರುವವರು ಮೊಬೈಲಿಗಿಂತ ದೊಡ್ಡ ಎಲೆಕ್ಟ್ರಾನಿಕ್ ಸಾಮಾನನ್ನು ಕ್ಯಾಬಿನ್ನಿಗೆ ಒಯ್ಯುವಂತಿಲ್ಲ ಅಂತು. ಬಾಂಬಿನ ಭಯ. ಲ್ಯಾಪ್‌ಟಾಪ್, ಕ್ಯಾಮೆರಾ ಎಲ್ಲ ಲಗೇಜಿಗೆ. ದುಬೈ ದಾರಿಯಲ್ಲಿ ಅಮೆರಿಕಕ್ಕೆ ಹೋಗುವ ಕರಾವಳಿಯವರಿಗೂ ಇದರ ಬಿಸಿ ತಟ್ಟಿತು. ಬ್ಯಾಟರಿಯಿರುವ ಸಾಮಾನೆಲ್ಲ ಕೆಳಗೆ ಸೇರಿದರೆ ಬೆಂಕಿಯ ಗತಿಯೇನು ಅಂತ ಪರಿಣತರು ಕೇಳಿದರು. ತಪಾಸಣೆ ಬಿಗಿ ಮಾಡಿ ಜುಲೈ ಹೊತ್ತಿಗೆ ನಿಷೇಧ ತೆಗೆದರು.

ಉಳಿದದ್ದು ದುಡ್ಡಿನ ಮಾತು. 1929ರ ವಾರ್ಸಾ ಒಪ್ಪಂದ ಕಳೆದ ಲಗೇಜಿಗೆ ಪರಿಹಾರವನ್ನು ತೂಕದ ಮೇಲೆ ಲೆಕ್ಕ ಹಾಕಿತು, ಕಿಲೋಗೆ ಇಷ್ಟು ಅಂತ. ಬೆಲ್ಲಕ್ಕೂ ಒಂದೇ ದರ, ಲೆನ್ಸಿಗೂ ಒಂದೇ ದರ. ಭಾರತ 2009ರಲ್ಲಿ ಸೇರಿದ 1999ರ ಮಾಂಟ್ರಿಯಲ್ ಒಪ್ಪಂದ ತೂಕ ಬಿಟ್ಟು ತಲೆಗಿಷ್ಟು ಅಂತ ಮಾಡಿತು. ವಿದೇಶ ಪ್ರಯಾಣಕ್ಕೆ ಇದು ಅನ್ವಯ. ದೇಶದೊಳಗಿನ ಹಾರಾಟಕ್ಕೆ 2014ರಲ್ಲಿ ನಿಗದಿಯಾದ ಮಿತಿ ಒಬ್ಬರಿಗೆ 20,000 ರೂಪಾಯಿ. ಎರಡೂವರೆ ಲಕ್ಷದ ಸೆಟ್ಟು ಲಗೇಜಿನಲ್ಲಿ ಪುಡಿಯಾದರೂ ಅಷ್ಟೇ. ಅದೂ ಸುಲಭಕ್ಕಿಲ್ಲ, ಕ್ಯಾಮೆರಾದಂಥ ಬೆಲೆಬಾಳುವ, ಒಡೆಯುವ ವಸ್ತುವನ್ನು ಲಗೇಜಿಗೆ ಹಾಕಿದರೆ ನಾವು ಜವಾಬ್ದಾರರಲ್ಲ ಅಂತ ಟಿಕೆಟ್ಟಿನ ಷರತ್ತುಗಳಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಮೇಲಿನ ಬೆಲೆ ಬೇಕಿದ್ದರೆ ಚೆಕ್-ಇನ್ ಸಮಯದಲ್ಲೇ ಬೆಲೆ ಘೋಷಿಸಿ ಹೆಚ್ಚುವರಿ ಹಣ ಕಟ್ಟುವ ಅವಕಾಶ ಕಾನೂನಿನಲ್ಲಿದೆ. ಸಾಲ ಮಾಡಿ ಕೊಂಡ ಕ್ಯಾಮೆರಾಕ್ಕೆ ವಿಮೆ ಮಾಡಿಸುವುದು ಇದಕ್ಕಿಂತ ಅಗ್ಗ ಅನ್ನುವುದು ನಮ್ಮ ಅಭಿಪ್ರಾಯ.

ನಮ್ಮ ಕಡೆಯ ನಿಲ್ದಾಣಗಳಿಗೆ ಬರುವ ಎಟಿಆರ್‌ನಂಥ ಚಿಕ್ಕ ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಕಿರಿದು. ಏಳು ಕಿಲೋ ಒಳಗಿದ್ದರೂ ಬ್ಯಾಗು ದಪ್ಪಗಿದ್ದರೆ ಏಣಿಯ ಬುಡದಲ್ಲೇ ಇಸಿದುಕೊಂಡು ಕೆಳಗೆ ಹಾಕುತ್ತಾರೆ. ಜಗಳ ಬೇಡ. ಇದರಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಇದೆ ಅಂತ ಹೇಳಿ, ಅದನ್ನು ಕೆಳಗೆ ಹಾಕುವಂತಿಲ್ಲವೆಂದು ಅವರಿಗೂ ಗೊತ್ತು. ಮಡಚಿದ ಬಟ್ಟೆಚೀಲ ಒಂದನ್ನು ಜೊತೆಗಿಟ್ಟುಕೊಂಡಿದ್ದರೆ ಬ್ಯಾಟರಿ, ಕಾರ್ಡು, ಕ್ಯಾಮೆರಾ, ಒಳ್ಳೆಯ ಲೆನ್ಸು ಅದಕ್ಕೆ ವರ್ಗಾಯಿಸಿ ಖಾಲಿ ಬ್ಯಾಗು ಕೊಡಬಹುದು. ಟ್ರೈಪಾಡು, ಲೈಟ್ ಸ್ಟ್ಯಾಂಡು ಮೊದಲೇ ಲಗೇಜಿಗೆ ಹೋಗಲಿ, ಬಟ್ಟೆ ಸುತ್ತಿ.

ಲಗೇಜಿಗೆ ಹಾಕಿದ್ದು ಒಡೆದು ಬಂದರೆ ನಿಲ್ದಾಣ ಬಿಟ್ಟು ಹೊರಗೆ ಬರಬೇಡಿ. ಬೆಲ್ಟಿನ ಪಕ್ಕ ಫೋಟೊ ತೆಗೆದು, ಅಲ್ಲೇ ಇರುವ ಕೌಂಟರಿನಲ್ಲಿ ದೂರು ಬರೆಸಿ, ಪ್ರತಿ ಕೇಳಿ ಪಡೆಯಿರಿ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯ ದೂರನ್ನು ಲಗೇಜು ಕೈಸೇರಿದ ಏಳು ದಿನದೊಳಗೆ, ಲಗೇಜು ತಡವಾದ ದೂರನ್ನು ಅದು ಸಿಕ್ಕ 21 ದಿನದೊಳಗೆ ಲಿಖಿತವಾಗಿ ಕೊಡಬೇಕು. ಕ್ಯಾಮೆರಾದ, ಲೆನ್ಸಿನ ಸೀರಿಯಲ್ ನಂಬರು ಮತ್ತು ಬಿಲ್ಲಿನ ಫೋಟೊ ಮೊದಲೇ ಮೊಬೈಲಿನಲ್ಲಿದ್ದರೆ ಆ ಅರ್ಜಿ ತುಂಬಲು ಹತ್ತು ನಿಮಿಷ ಸಾಕು.